ಲಂಡನ್–ಟೋಕಿಯೊ ದೂರ 9,600 ಕಿ.ಮೀ. ಇದ್ದರೆ ವಿಮಾನಕ್ಕೆ 14 ಗಂಟೆ ಯಾಕೆ?

ನೀಲಾಂಬರಿ:

ಎಲ್ಲರಿಗೂ ನಮಸ್ಕಾರ. ಮಗಳು ಮುಂದಿನ ತಿಂಗಳು ಲಂಡನ್‌ನಿಂದ ಟೋಕಿಯೊಗೆ ಹೊರಟಿದ್ದಾಳೆ. ಒಬ್ಬಳೇ ಇಷ್ಟು ದೂರ ಹೋಗುತ್ತಿರುವುದು ಇದೇ ಮೊದಲು. ನನಗೆ ಸುಮ್ನೆ ಕೂರಲು ಆಗುತ್ತಿಲ್ಲ, ಟಿಕೆಟ್ ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಿದ್ದೇನೆ.

ಎರಡು ಊರುಗಳ ನಡುವಿನ ದೂರ ತೋರಿಸುವ ವೆಬ್‌ಸೈಟ್‌ಗಳಿವೆಯಲ್ಲ, ಅವುಗಳಲ್ಲಿ ನೋಡಿದೆ. ಎಲ್ಲ ಕಡೆ ಸುಮಾರು 9,600 ಕಿ.ಮೀ. ಅಂತಲೇ ಇದೆ. ಒಂದರಲ್ಲಿ ಪ್ರಯಾಣದ ಸಮಯ 11 ಗಂಟೆ ಅಂತ ಕೂಡ ಕೊಟ್ಟಿದ್ದಾರೆ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತೆ ಅಂತಾರೆ, ಹಾಗೆ ನೋಡಿದರೆ ಲೆಕ್ಕ ಸರಿ ಇದೆ. ಆದರೆ ಟಿಕೆಟ್‌ನಲ್ಲಿ ಹೋಗುವಾಗ 13 ಗಂಟೆ 50 ನಿಮಿಷ, ವಾಪಸ್ ಬರುವಾಗ 14 ಗಂಟೆ 30 ನಿಮಿಷ ಅಂತಿದೆ. ನೇರ ವಿಮಾನ, ನಡುವೆ ಎಲ್ಲೂ ಇಳಿಯುವುದಿಲ್ಲ. ಹಾಗಾದರೆ ಈ ಮೂರು ಗಂಟೆ ಎಲ್ಲಿಂದ ಬಂತು? ಅದೇ ದೂರಕ್ಕೆ ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು ಯಾಕೆ?

ಇನ್ನೊಂದು ವಿಷಯ. ಅವಳ ಗೆಳತಿ ಹೋದ ವರ್ಷ ಟೋಕಿಯೊದಿಂದ ಲಂಡನ್‌ಗೆ ಬಂದಾಗ ವಿಮಾನ ಅಲಾಸ್ಕಾ ಪಕ್ಕದಲ್ಲಿ ಹಾದು ಬಂತಂತೆ. ಅಲಾಸ್ಕಾ ಅಂದರೆ ಅಮೆರಿಕ ಅಲ್ವಾ? ಟೋಕಿಯೊದಿಂದ ಪಶ್ಚಿಮಕ್ಕೆ ಇರುವ ಲಂಡನ್‌ಗೆ ಬರಲು ಪೂರ್ವಕ್ಕೆ ಯಾಕೆ ಹೋಗಬೇಕು? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಕಿಟಕಿ ಸೀಟ್:

ಮೇಡಂ, ನೀವು ನೋಡಿದ 9,600 ತಪ್ಪಲ್ಲ. ಅದು ಭೂಮಿ ಮೇಲೆ ಎರಡು ಊರುಗಳ ನಡುವೆ ಇರುವ ಅತಿ ಹತ್ತಿರದ ದೂರ. ಆದರೆ ಈಗ ವಿಮಾನ ಆ ದಾರಿಯಲ್ಲಿ ಹೋಗುತ್ತಿಲ್ಲ. ನಿಮ್ಮ ಮೂರು ಗಂಟೆಗೆ ಮುಖ್ಯ ಕಾರಣ ಅದೇ.

ಮನೆಯಲ್ಲಿ ಗೋಳ ಇದ್ದರೆ ಒಂದು ದಾರ ತಗೊಳ್ಳಿ. ಒಂದು ತುದಿ ಲಂಡನ್ ಮೇಲೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ ಹಿಡಿಯಿರಿ, ಇನ್ನೊಂದು ತುದಿಯನ್ನು ಟೋಕಿಯೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಸಡಿಲ ಇದ್ದಾಗ ಟರ್ಕಿ, ಚೀನಾ ಮೇಲೆಲ್ಲ ಬಿದ್ದಿರುತ್ತೆ. ಬಿಗಿ ಮಾಡುತ್ತಾ ಹೋದ ಹಾಗೆ ಅದು ತಾನಾಗೇ ಮೇಲಕ್ಕೆ ಜಾರುತ್ತೆ. ಸ್ವೀಡನ್, ಫಿನ್ಲೆಂಡ್ ದಾಟಿ ರಷ್ಯಾದ ಉತ್ತರದ ಅಂಚಿಗೆ ಹೋಗಿ, ಸೈಬೀರಿಯಾ ಮೇಲಿಂದ ಇಳಿದು ಜಪಾನ್‌ಗೆ ಬಂದು ನಿಲ್ಲುತ್ತೆ. ನಾನು ಲೆಕ್ಕ ಹಾಕಿ ನೋಡಿದೆ, ಆ ದಾರ ಉತ್ತರಕ್ಕೆ ಸುಮಾರು 71 ಡಿಗ್ರಿ ಅಕ್ಷಾಂಶದವರೆಗೂ ಹೋಗುತ್ತೆ. ಆರ್ಕ್ಟಿಕ್ ವೃತ್ತ ಇರುವುದು 66.5 ಡಿಗ್ರಿಯಲ್ಲಿ. ಅಂದರೆ ಅದಕ್ಕಿಂತಲೂ ಮೇಲೆ. ಗೋಡೆ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಇದು ದೊಡ್ಡ ಬಿಲ್ಲಿನ ಹಾಗೆ ಬಾಗಿ ಕಾಣುತ್ತೆ, ಸುತ್ತಿ ಬಳಸಿ ಹೋದ ಹಾಗೆ ಅನಿಸುತ್ತೆ. ನಿಜಕ್ಕೂ ಅದೇ ನೆಟ್ಟಗಿನ ದಾರಿ.

ಈ ದಾರಿಯ ಬಹುಪಾಲು ರಷ್ಯಾದ ಮೇಲೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಕೂಡಲೇ ಬ್ರಿಟನ್ ರಷ್ಯಾದ ವಿಮಾನಗಳನ್ನು ತಡೆಯಿತು, ರಷ್ಯಾ ಬ್ರಿಟನ್ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಜಪಾನ್‌ನ ಕಂಪನಿಗಳೂ ಆ ದಾರಿ ಬಿಟ್ಟವು. ಅದಕ್ಕೆ ಮುಂಚೆ ಇದೇ ಪ್ರಯಾಣ ಹನ್ನೊಂದೂವರೆಯಿಂದ ಹನ್ನೆರಡೂವರೆ ಗಂಟೆ ಒಳಗೆ ಮುಗಿಯುತ್ತಿತ್ತು. ನೀವು ನೋಡಿದ ವೆಬ್‌ಸೈಟ್ ದೂರವನ್ನು ವೇಗದಿಂದ ಭಾಗಿಸಿ 11 ಗಂಟೆ ಅಂತ ಹಾಕಿರುತ್ತೆ. ಅದಕ್ಕೆ ಯಾವ ದೇಶದ ಆಕಾಶ ಮುಚ್ಚಿದೆ ಅನ್ನುವುದು ಗೊತ್ತಿರುವುದಿಲ್ಲ.

ಈಗ ಉಳಿದಿರುವುದು ಎರಡು ದಾರಿ. ದಕ್ಷಿಣದ್ದು ಯುರೋಪ್ ದಾಟಿ ಕಪ್ಪು ಸಮುದ್ರ, ಜಾರ್ಜಿಯಾ, ಅಜರ್‌ಬೈಜಾನ್, ಕ್ಯಾಸ್ಪಿಯನ್ ಸಮುದ್ರ, ಕಝಾಕಿಸ್ತಾನ್, ಚೀನಾ, ಕೊರಿಯಾ ಮೇಲೆ ಹೋಗುತ್ತೆ. ಲಂಡನ್‌ನಿಂದ ಅಜರ್‌ಬೈಜಾನ್ ರಾಜಧಾನಿ ಬಾಕುವಿಗೆ ಸುಮಾರು 4,000 ಕಿ.ಮೀ., ಬಾಕುವಿನಿಂದ ಟೋಕಿಯೊಗೆ 7,550 ಕಿ.ಮೀ. ಅಲ್ಲಿಗೇ 11,500 ದಾಟಿತು. ಉತ್ತರದ್ದು ಜಪಾನ್‌ನಿಂದ ಪೆಸಿಫಿಕ್ ಮೇಲೆ ಹೋಗಿ, ರಷ್ಯಾ ಮತ್ತು ಅಲಾಸ್ಕಾ ನಡುವಿನ ಬೇರಿಂಗ್ ಜಲಸಂಧಿ ಕಡೆಯಿಂದ ಆರ್ಕ್ಟಿಕ್‌ಗೆ ಏರಿ, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಕಡೆಯಿಂದ ಇಳಿಯುತ್ತೆ. ಅದೂ ಕಡಿಮೆ ಅಂದರೂ 11,600 ಕಿ.ಮೀ. ನಿಮ್ಮ ಮಗಳ ಗೆಳತಿ ಬಂದದ್ದು ಇದೇ ದಾರಿಯಲ್ಲಿ.

ಈಗ 11,500ನ್ನು 900ರಿಂದ ಭಾಗಿಸಿ ನೋಡಿ, ಹನ್ನೆರಡೂಮುಕ್ಕಾಲು ಗಂಟೆ. ಟಿಕೆಟ್‌ನಲ್ಲಿರುವುದು ಹಾರಾಟದ ಸಮಯ ಮಾತ್ರ ಅಲ್ಲ. ವಿಮಾನ ನಿಂತಲ್ಲಿಂದ ಅಲುಗಾಡಿದ ಕ್ಷಣದಿಂದ ಅಲ್ಲಿ ಹೋಗಿ ನಿಲ್ಲುವವರೆಗಿನದು. ರನ್‌ವೇವರೆಗೆ ತೆವಳುವುದು, ಸಾಲಿನಲ್ಲಿ ಕಾಯುವುದು, ಮೇಲೇರುವಾಗ ಇಳಿಯುವಾಗ ನಿಧಾನ ಆಗುವುದು, ಎಲ್ಲ ಸೇರಿ ಇನ್ನೊಂದು ಗಂಟೆ ಇಟ್ಟುಕೊಳ್ಳಿ. ನಿಮ್ಮ 13 ಗಂಟೆ 50 ನಿಮಿಷಕ್ಕೆ ಹತ್ತಿರ ಬಂತಲ್ಲ.

ಗಾಳಿಮಾತು:

ಕಿಟಕಿ ಸೀಟ್ ಅವರು ದಾರಿ ವಿಷಯ ಚೆನ್ನಾಗಿ ಹೇಳಿದ್ದಾರೆ. ಹೋಗುವಾಗ ಬರುವಾಗ ಯಾಕೆ ವ್ಯತ್ಯಾಸ ಅನ್ನುವುದನ್ನು ನಾನು ಹೇಳುತ್ತೇನೆ, ನನಗೆ ತುಂಬಾ ಇಷ್ಟದ ವಿಷಯ ಇದು.

ವಿಮಾನದ ವೇಗ 900 ಅಂದರೆ ಅದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಆ ಗಾಳಿಯೇ ಹರಿಯುತ್ತಿದ್ದರೆ? ಹೊಳೆಯಲ್ಲಿ ದೋಣಿ ನಡೆಸಿದ ಹಾಗೆ ಲೆಕ್ಕ. ಹರಿವಿನ ಜೊತೆ ಹೋದರೆ ಬೇಗ ದಡ ಸೇರುತ್ತೀರಿ, ಎದುರು ಹೋದರೆ ಅಷ್ಟೇ ಹುಟ್ಟು ಹಾಕಿದರೂ ನಿಧಾನ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳು ಹರಿಯುತ್ತವೆ. ಇವಕ್ಕೆ ಜೆಟ್ ಸ್ಟ್ರೀಮ್ ಅಂತ ಹೆಸರು. ಸಮಭಾಜಕದ ಕಡೆಯ ಬಿಸಿ ಗಾಳಿಗೂ ಧ್ರುವದ ಕಡೆಯ ತಣ್ಣನೆ ಗಾಳಿಗೂ ಇರುವ ವ್ಯತ್ಯಾಸ ಮತ್ತು ಭೂಮಿ ತಿರುಗುವುದು, ಇವೆರಡೂ ಸೇರಿ ಇದು ಹುಟ್ಟುತ್ತೆ. ಚಳಿಗಾಲದಲ್ಲಿ ಆ ವ್ಯತ್ಯಾಸ ಜಾಸ್ತಿ, ಹಾಗಾಗಿ ಗಾಳಿಯೂ ಜೋರು. ಜಪಾನ್ ಮೇಲೆ ಚಳಿಗಾಲದಲ್ಲಿ ಗಂಟೆಗೆ 300 ಕಿ.ಮೀ. ದಾಟುವುದೂ ಇದೆ.

ಸುಮ್ನೆ ಒಂದು ಲೆಕ್ಕ ಮಾಡೋಣ. 11,500 ಕಿ.ಮೀ. ದಾರಿ ಪೂರ್ತಿ ಗಂಟೆಗೆ 100 ಕಿ.ಮೀ. ಗಾಳಿ ಹಿಂದಿನಿಂದ ತಳ್ಳಿತು ಅಂದುಕೊಳ್ಳಿ, ಹನ್ನೊಂದೂವರೆ ಗಂಟೆ. ಅದೇ ಗಾಳಿ ಮುಖಕ್ಕೆ ಹೊಡೆದರೆ 14 ಗಂಟೆ 20 ನಿಮಿಷ ದಾಟುತ್ತೆ. ಒಂದೇ ದಾರಿ, ಒಂದೇ ವಿಮಾನ, ಮೂರು ಗಂಟೆ ವ್ಯತ್ಯಾಸ! ನಿಜದಲ್ಲಿ ಗಾಳಿ ಇಡೀ ದಾರಿ ಒಂದೇ ಸಮ ಇರುವುದಿಲ್ಲ, ಅದಕ್ಕೇ ವ್ಯತ್ಯಾಸ ಇಷ್ಟು ಕಾಣುವುದಿಲ್ಲ. 2020ರ ಫೆಬ್ರವರಿಯಲ್ಲಿ ಒಂದು ಬಿರುಗಾಳಿ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದು ಮುಟ್ಟಿತು. ಸಾಮಾನ್ಯವಾಗಿ ಆರೂವರೆ ಗಂಟೆ ಆಸುಪಾಸು ಬೇಕಾಗುವ ದಾರಿ ಅದು.

ವಾಪಸ್ ಬರುವಾಗ ಕೆಲವು ವಿಮಾನಗಳು ಅಲಾಸ್ಕಾ ಕಡೆ ಯಾಕೆ ಹೋಗುತ್ತವೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಚೀನಾ, ಕಝಾಕಿಸ್ತಾನ್ ಮೇಲೆ ಪಶ್ಚಿಮಕ್ಕೆ ಬಂದರೆ ಗಂಟೆಗಟ್ಟಲೆ ಎದುರುಗಾಳಿ. ಪೂರ್ವಕ್ಕೆ ಹೊರಟು ಪೆಸಿಫಿಕ್ ಮೇಲೆ ಆ ಗಾಳಿಯ ಬೆನ್ನೇರಿ, ಆಮೇಲೆ ಗಾಳಿಯ ಕಾಟ ಕಡಿಮೆ ಇರುವ ಆರ್ಕ್ಟಿಕ್ ದಾಟಿದರೆ ಕಿಲೋಮೀಟರ್ ಸ್ವಲ್ಪ ಜಾಸ್ತಿ ಆದರೂ ಸಮಯ ಇಂಧನ ಎರಡೂ ಉಳಿಯಬಹುದು. ಯಾವ ದಾರಿ ಅನ್ನುವುದನ್ನು ಆ ದಿನದ ಗಾಳಿ ನೋಡಿ ತೀರ್ಮಾನಿಸುತ್ತಾರೆ. ಹೋಗುವಾಗ ದಕ್ಷಿಣ, ಬರುವಾಗ ಉತ್ತರ ಆದರೆ ನಿಮ್ಮ ಮಗಳು ಒಂದೇ ಪ್ರಯಾಣದಲ್ಲಿ ಭೂಮಿಗೆ ಒಂದು ಪ್ರದಕ್ಷಿಣೆ ಹಾಕಿದ ಹಾಗೆ ಆಗುತ್ತೆ ಮೇಡಂ. ಅವಳಿಗೆ ಹೇಳಿ, ಖುಷಿಪಡುತ್ತಾಳೆ.

ಇನ್ನೊಂದು ಹೇಳದೇ ಇರಲು ಆಗುತ್ತಿಲ್ಲ. ಈ ಗಾಳಿಯನ್ನು ಮೊದಲು ಸರಿಯಾಗಿ ಅಳೆದು ಬರೆದಿಟ್ಟವರು ಒಬ್ಬ ಜಪಾನಿ, ವಾಸಾಬುರೊ ಊಯಿಶಿ. 1920ರ ದಶಕದಲ್ಲಿ ತಾತೆನೊ ಅನ್ನುವ ಊರಿನ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಸಿ, ಅವು ಯಾವ ಕಡೆ ಎಷ್ಟು ವೇಗದಲ್ಲಿ ಹೋಗುತ್ತವೆ ಅಂತ ಕಣ್ಣಿಟ್ಟು ನೋಡಿ ಲೆಕ್ಕ ಹಾಕಿದರು. ಹೊರಗಿನವರಿಗೂ ತಿಳಿಯಲಿ ಅಂತ ವರದಿಯನ್ನು ಎಸ್ಪೆರಾಂಟೊದಲ್ಲಿ, ಅಂದರೆ ಎಲ್ಲ ದೇಶದವರೂ ಬಳಸಲಿ ಅಂತ ಹೊಸದಾಗಿ ಕಟ್ಟಿದ ಒಂದು ಭಾಷೆಯಲ್ಲಿ ಬರೆದರು. ಆ ಭಾಷೆ ಓದುವವರೇ ಕಡಿಮೆ, ಹಾಗಾಗಿ ಬಹಳ ವರ್ಷ ಯಾರ ಗಮನಕ್ಕೂ ಬರಲಿಲ್ಲ. ಈಗ ದಿನವೂ ಅಷ್ಟೊಂದು ವಿಮಾನಗಳು ಅವರು ಅಳೆದ ಗಾಳಿಯ ಲೆಕ್ಕ ಹಾಕಿಯೇ ಹೊರಡುತ್ತವೆ ಅಂತ ನೆನೆದರೆ ನನಗೆ ಮನಸ್ಸು ತುಂಬಿ ಬರುತ್ತೆ.

ನೀಲಾಂಬರಿ:

ಇಬ್ಬರಿಗೂ ತುಂಬಾ ಧನ್ಯವಾದ. ಹಳೇ ಗೋಳ ಒಂದು ಅಟ್ಟದ ಮೇಲಿತ್ತು, ಇಳಿಸಿ ಧೂಳು ಒರೆಸಿ ದಾರ ಹಿಡಿದು ನೋಡಿದೆ. ನಿಜ, ಎಳೆದ ಹಾಗೆಲ್ಲ ಮೇಲಕ್ಕೆ ಹೋಗುತ್ತೆ!

ಆದರೆ ಉತ್ತರದ ದಾರಿ ಕೇಳಿ ಸ್ವಲ್ಪ ಭಯ ಆಯಿತು. ಅಷ್ಟು ಚಳಿಯಲ್ಲಿ, ಕೆಳಗೆ ಬರೀ ಹಿಮ ಇರುವ ಕಡೆ ಏನಾದರೂ ಆದರೆ ಎಲ್ಲಿ ಇಳಿಸುತ್ತಾರೆ? ಮತ್ತೆ ಬೇರಿಂಗ್ ಹತ್ತಿರ ದಿನಾಂಕ ರೇಖೆ ಇದೆ ಅಂತ ಶಾಲೆಯಲ್ಲಿ ಓದಿದ ನೆನಪು. ಅದನ್ನು ದಾಟಿದರೆ ಹಿಂದಿನ ದಿನ ಬಂದುಬಿಡುತ್ತೆ ಅಲ್ವಾ? ಹಾಗಾದರೆ ಅವಳು ಯಾವ ದಿನ ಇಳಿದಳು ಅಂತ ಲೆಕ್ಕ ಹಾಕುವುದು ಹೇಗೆ?

ಹಳೇ ಪಯಣಿಗ:

ನೋಡಮ್ಮ, ಭಯಪಡಬೇಡ. ಆ ಉತ್ತರದ ದಾರಿ ಹೊಸದೇನಲ್ಲ. ನಮ್ಮ ಕಾಲದಲ್ಲಿ ಯುರೋಪ್–ಜಪಾನ್‌ಗೆ ಅದೇ ದೊಡ್ಡ ದಾರಿಗಳಲ್ಲಿ ಒಂದು. ಆಗಲೂ ಸೋವಿಯತ್ ಆಕಾಶ ಹೆಚ್ಚಿನವರಿಗೆ ಮುಚ್ಚಿತ್ತು. 1957ರ ಫೆಬ್ರವರಿಯಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನವರು ಕೋಪನ್‌ಹೇಗನ್‌ನಿಂದ ಧ್ರುವದ ಮೇಲೆ ಹಾಯ್ದು, ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು, ಟೋಕಿಯೊಗೆ ಹೋಗುವ ಸೇವೆ ಶುರು ಮಾಡಿದರು. ಆಗಿನದು ಪಂಖದ ವಿಮಾನ, ಡಿಸಿ-7ಸಿ. ಮೂವತ್ತು ಗಂಟೆಗೂ ಮೇಲೆ ಹಿಡಿಯುತ್ತಿತ್ತು. ಆದರೂ ಅದಕ್ಕೆ ಮುಂಚಿನ ದಕ್ಷಿಣದ ದಾರಿಗಿಂತ ಎಷ್ಟೋ ಬೇಗ.

ನಾನು ಎಂಬತ್ತರ ದಶಕದಲ್ಲಿ ಎರಡು ಸಲ ಆಂಕರೇಜ್ ಮೂಲಕ ಹೋಗಿದ್ದೇನೆ. ಇಂಧನ ತುಂಬಿಸುವವರೆಗೆ ಎಲ್ಲರನ್ನೂ ಇಳಿಸುತ್ತಿದ್ದರು. ಕಣ್ಣು ಉಜ್ಜಿಕೊಂಡು ಒಳಗೆ ಬಂದರೆ ಎದುರಿಗೆ ಗಾಜಿನ ಪೆಟ್ಟಿಗೆಯಲ್ಲಿ ಹಿಂಗಾಲ ಮೇಲೆ ಎದ್ದು ನಿಂತ ಬಿಳಿ ಹಿಮಕರಡಿ, ಒಳಗೆ ಹುಲ್ಲು ತುಂಬಿ ನಿಲ್ಲಿಸಿದ್ದು. ಅದರ ಉಗುರು ನನ್ನ ಬೆರಳಿನಷ್ಟು ಉದ್ದ ಇತ್ತು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಅಲ್ಲಿ ಇದು ಬೆಳಿಗ್ಗೆಯೋ ಸಂಜೆಯೋ ಅಂತ ಯಾರಿಗೂ ತಿಳಿಯುತ್ತಿರಲಿಲ್ಲ, ಒಬ್ಬೊಬ್ಬರ ಕೈಗಡಿಯಾರದಲ್ಲಿ ಒಂದೊಂದು ಸಮಯ.

1983ರಲ್ಲಿ ಫಿನ್‌ಏರ್ ಹೆಲ್ಸಿಂಕಿಯಿಂದ ಟೋಕಿಯೊಗೆ ಎಲ್ಲೂ ನಿಲ್ಲದೆ ಧ್ರುವದ ಕಡೆಯಿಂದ ಹಾರಲು ಶುರು ಮಾಡಿತು. ಸೋವಿಯತ್ ಕಾಲ ಮುಗಿಯುತ್ತಾ ಬಂದ ಹಾಗೆ ಸೈಬೀರಿಯಾ ದಾರಿ ತೆರೆಯಿತು, ಆಂಕರೇಜ್‌ನಲ್ಲಿ ಇಳಿಯುವವರು ಕಡಿಮೆ ಆದರು. ಈಗ 2022ರ ನಂತರ ಮತ್ತೆ ಹಳೇ ದಾರಿಗೇ ಬಂದಿದ್ದಾರೆ. ಹೆಲ್ಸಿಂಕಿ–ಟೋಕಿಯೊ ಒಂಬತ್ತೂವರೆ ಗಂಟೆ ಇದ್ದದ್ದು ಹದಿಮೂರು ಗಂಟೆ ಆಯಿತು. ಪಾಪ, ಆ ಕಂಪನಿಯ ವ್ಯವಹಾರವೇ ಆ ಹತ್ತಿರದ ದಾರಿ ಮೇಲೆ ನಿಂತಿತ್ತು.

ಚಳಿ ವಿಷಯ. ಮೇಲೆ ಹೊರಗಿನ ಗಾಳಿ ಮೈನಸ್ 50, 60 ಡಿಗ್ರಿ ಇರುತ್ತೆ, ಅದು ಯಾವ ದೂರದ ಪ್ರಯಾಣದಲ್ಲೂ ಹೆಚ್ಚುಕಡಿಮೆ ಹಾಗೇ. ವಿಮಾನದ ಇಂಧನ ಜೆಟ್ ಎ-1 ಮೈನಸ್ 47ರವರೆಗೆ ಹೆಪ್ಪುಗಟ್ಟುವುದಿಲ್ಲ. ಟ್ಯಾಂಕಿನೊಳಗಿನ ತಾಪಮಾನ ಪೈಲಟ್‌ಗೆ ಎದುರಿಗೇ ಕಾಣುತ್ತಿರುತ್ತೆ. ತೀರಾ ಇಳಿದರೆ ಕೆಳಗಿನ ಬೆಚ್ಚನೆ ಗಾಳಿಗೆ ಬರುತ್ತಾರೆ, ಇಲ್ಲ ವೇಗ ಸ್ವಲ್ಪ ಏರಿಸುತ್ತಾರೆ. ಎಲ್ಲಿ ಇಳಿಸಬಹುದು ಅನ್ನುವುದನ್ನು ಹೊರಡುವ ಮುಂಚೆಯೇ ಗುರುತು ಮಾಡಿಟ್ಟಿರುತ್ತಾರೆ. ಎರಡು ಎಂಜಿನ್ ವಿಮಾನದಲ್ಲಿ ಒಂದು ನಿಂತರೂ ಇನ್ನೊಂದರಲ್ಲೇ ನಿಗದಿತ ಸಮಯದೊಳಗೆ ಒಂದು ನಿಲ್ದಾಣ ಮುಟ್ಟುವ ಹಾಗೆ ದಾರಿ ಹಾಕಬೇಕು ಅನ್ನುವುದು ನಿಯಮ. ನೆಮ್ಮದಿಯಿಂದ ಕಳಿಸು.

ಕಿಟಕಿ ಸೀಟ್:

ಹಿರಿಯರ ಮಾತು ಓದಿ ಖುಷಿಯಾಯಿತು ಸರ್. ಆ ಕರಡಿ ಬಗ್ಗೆ ಕೇಳಿದ್ದೆ, ಕಂಡವರ ಬಾಯಿಂದ ಕೇಳಿದ್ದು ಇದೇ ಮೊದಲು.

ದಿನಾಂಕದ ಲೆಕ್ಕ ನಾನು ಹೇಳುತ್ತೇನೆ ಮೇಡಂ, ತಲೆ ಕೆಡಿಸಿಕೊಳ್ಳಬೇಡಿ. ದಾರಿ ಯಾವುದಾದರೂ ಆಗಲಿ, ರೇಖೆ ದಾಟಲಿ ಬಿಡಲಿ, ಹೊರಡುವ ಊರು ಮತ್ತು ಇಳಿಯುವ ಊರಿನ ಗಡಿಯಾರ ಎರಡೇ ಸಾಕು. ಪೂರ್ವಕ್ಕೆ ರೇಖೆ ದಾಟಿದಾಗ ಒಂದು ದಿನ ಹಿಂದೆ ಹೋದರೂ, ಅಲ್ಲಿಂದ ಲಂಡನ್‌ವರೆಗೆ ಒಂದೊಂದೇ ವಲಯ ದಾಟುತ್ತಾ ಗಡಿಯಾರವನ್ನು ಮುಂದೆ ಮುಂದೆ ಇಡುತ್ತಾ ಬರುತ್ತೀರಿ. ಕೊನೆಗೆ ಅದೇ ಉತ್ತರ.

ಬೇಸಿಗೆಯಲ್ಲಿ ಟೋಕಿಯೊ ಲಂಡನ್‌ಗಿಂತ 8 ಗಂಟೆ ಮುಂದೆ, ಚಳಿಗಾಲದಲ್ಲಿ 9 ಗಂಟೆ. ಲಂಡನ್‌ನಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುತ್ತಾರೆ, ಜಪಾನ್‌ನಲ್ಲಿ ಮಾಡುವುದಿಲ್ಲ. ಬೇಸಿಗೆ ಅಂದುಕೊಂಡು ನೋಡೋಣ. ಲಂಡನ್‌ನಲ್ಲಿ ಬೆಳಿಗ್ಗೆ 9ಕ್ಕೆ ಹೊರಟು 14 ಗಂಟೆ ಹಾರಿದರೆ ಲಂಡನ್ ಗಡಿಯಾರದಲ್ಲಿ ರಾತ್ರಿ 11. ಅದಕ್ಕೆ 8 ಸೇರಿಸಿ, ಟೋಕಿಯೊದಲ್ಲಿ ಮರುದಿನ ಬೆಳಿಗ್ಗೆ 7. ವಾಪಸ್ ಟೋಕಿಯೊದಲ್ಲಿ ಬೆಳಿಗ್ಗೆ 9ಕ್ಕೆ ಹೊರಟರೆ ಆಗ ಲಂಡನ್‌ನಲ್ಲಿ ರಾತ್ರಿ 1 ಗಂಟೆ. ಹದಿನಾಲ್ಕೂವರೆ ಗಂಟೆ ಸೇರಿಸಿ, ಅದೇ ದಿನ ಮಧ್ಯಾಹ್ನ ಮೂರೂವರೆ. ಬರೀ ಹೊರಟ ಸಮಯ, ಇಳಿದ ಸಮಯ ನೋಡಿದರೆ ಹೋಗುವುದು 22 ಗಂಟೆ, ಬರುವುದು ಆರೂವರೆ ಗಂಟೆ ಅನಿಸುತ್ತೆ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಎರಡು ಬ್ಯಾಗು:

ಒಂದು ಮಾತು ಸೇರಿಸುತ್ತೇನೆ. ಟೋಕಿಯೊದಿಂದ ಮುಂದೆ ಬೇರೆ ವಿಮಾನ ಹಿಡಿಯುವುದಿದ್ದರೆ ಹುಷಾರು. ನಾನು 2022ರಲ್ಲಿ ಇದೇ ತಪ್ಪು ಮಾಡಿದೆ. ಒಂದು ವೆಬ್‌ಸೈಟ್‌ನಲ್ಲಿ ಕಂಡ ಹಳೇ ಸಮಯ ನಂಬಿ, ಮುಂದಿನ ಟಿಕೆಟ್ ಬೇರೆಯಾಗಿ ತಗೊಂಡೆ. ಕೈಯಲ್ಲಿ ನಾಲ್ಕು ಗಂಟೆ ಇದೆ ಅಂದುಕೊಂಡಿದ್ದೆ, ಇಳಿದಾಗ ಉಳಿದದ್ದು ಐವತ್ತು ನಿಮಿಷ. ಪಾಸ್‌ಪೋರ್ಟ್ ಸಾಲಿನಲ್ಲಿ ನಿಂತಿದ್ದಾಗಲೇ ಆ ವಿಮಾನ ಹೊರಟಿತು. ಎರಡೂ ಬೇರೆ ಬೇರೆ ಟಿಕೆಟ್ ಆದ್ದರಿಂದ ಯಾರೂ ಜವಾಬ್ದಾರಿ ತಗೊಳ್ಳಲಿಲ್ಲ, ಹೊಸ ಟಿಕೆಟ್ ಕೊಳ್ಳಬೇಕಾಯಿತು. ಒಂದೇ ಬುಕಿಂಗ್‌ನಲ್ಲಿ ಮಾಡಿಸಿದರೆ ತಡವಾದರೂ ಅವರೇ ಮುಂದಿನ ವಿಮಾನಕ್ಕೆ ಹಾಕುತ್ತಾರೆ.

ಚೀನಾದ ಕಂಪನಿಗಳು ಈಗಲೂ ರಷ್ಯಾ ಮೇಲೆ ಹಾರುತ್ತವೆ. ಅದಕ್ಕೇ ಲಂಡನ್–ಬೀಜಿಂಗ್ ಸಮಯ ಹುಡುಕಿದರೆ ಒಂದೊಂದು ಕಂಪನಿಯದು ಒಂದೊಂದು ತರ ಕಾಣುತ್ತೆ. ಎರಡು ಊರಿನ ನಡುವೆ ಎಷ್ಟು ಗಂಟೆ ಅಂತ ಹುಡುಕುವುದಕ್ಕಿಂತ, ಆ ವಿಮಾನದ ನಂಬರ್ ಹಾಕಿ ಹಿಂದಿನ ಒಂದು ವಾರ ಅದು ನಿಜವಾಗಿ ಎಷ್ಟು ಹೊತ್ತು ಹಾರಿದೆ ಅಂತ ನೋಡಿ. ವಿಮಾನ ಎಲ್ಲಿದೆ ಅಂತ ತೋರಿಸುವ ಫ್ಲೈಟ್‌ರಾಡಾರ್24 ತರದ ವೆಬ್‌ಸೈಟ್‌ಗಳಲ್ಲಿ ಸಿಗುತ್ತೆ, ಹೋದ ದಾರಿಯೂ ಗೆರೆಯಾಗಿ ಕಾಣುತ್ತೆ.

ನೀಲಾಂಬರಿ:

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಮಗಳು ನಿನ್ನೆ ಟೋಕಿಯೊ ತಲುಪಿದಳು.

ವಿಮಾನದ ನಂಬರ್ ಹಾಕಿ ಇಡೀ ರಾತ್ರಿ ನೋಡುತ್ತಾ ಕೂತಿದ್ದೆ. ಹಳದಿ ಬಣ್ಣದ ಪುಟ್ಟ ವಿಮಾನ ಕಪ್ಪು ಸಮುದ್ರ ದಾಟಿ, ಜಾರ್ಜಿಯಾ, ಅಜರ್‌ಬೈಜಾನ್ ಮೇಲೆ ಬಂತು. ಅಲ್ಲಿ ನೋಡಬೇಕು, ಮೇಲೆ ರಷ್ಯಾ, ಕೆಳಗೆ ಇರಾನ್, ನಡುವೆ ಸಣ್ಣ ಓಣಿ ತರದ ಜಾಗದಲ್ಲಿ ಒಂದರ ಹಿಂದೆ ಒಂದು ಎಷ್ಟು ವಿಮಾನಗಳು! ಕ್ಯಾಸ್ಪಿಯನ್ ದಾಟಿದ ಮೇಲೆ ವೇಗ ಗಂಟೆಗೆ 1,000 ಕಿ.ಮೀ. ದಾಟಿತು. ಗಾಳಿಮಾತು ಅವರು ಹೇಳಿದ ಹೊಳೆ ಇದೇ ಅಂತ ಗೊತ್ತಾಯಿತು. ನೆಲ ಬಿಟ್ಟು ನೆಲ ಮುಟ್ಟುವವರೆಗೆ 13 ಗಂಟೆ 8 ನಿಮಿಷ.

ಬೆಳಗಾಗುವ ಹೊತ್ತಿಗೆ ಚೀನಾದ ಮರುಭೂಮಿ ಮೇಲೆ ಕಿಟಕಿ ತೆರೆದಳಂತೆ, ಮರಳಿನ ಗುಡ್ಡಗಳ ನೆರಳು ಉದ್ದಕ್ಕೆ ಬಿದ್ದಿತ್ತಂತೆ. ಫೋಟೋ ಕಳಿಸಿದ್ದಾಳೆ, ರೆಕ್ಕೆಯ ತುದಿಯೇ ಜಾಸ್ತಿ ಕಾಣುತ್ತೆ. ವಾಪಸ್ ಬರುವುದು ಮೂರು ವಾರದ ನಂತರ. ಆ ದಿನ ಉತ್ತರದ ದಾರಿ ಹಿಡಿದರೆ ಎಡಗಡೆ ಕೂರಬೇಕೋ ಬಲಗಡೆಯೋ, ಗ್ರೀನ್‌ಲ್ಯಾಂಡ್ ಯಾವ ಕಡೆಯಿಂದ ಚೆನ್ನಾಗಿ ಕಾಣುತ್ತೆ ಅಂತ ಕೇಳಿದ್ದಾಳೆ. ಕಿಟಕಿ ಸೀಟ್ ಅವರೇ, ನೀವೇ ಹೇಳಬೇಕು.